ಗೊಣಗುವ ಹುಡುಗಿ, ಸುಮ್ಮನಿದ್ದ ಹುಡುಗ

"ಹೇಳಿದ್ರೆ ನಾನೂ ಇವಳ ಥರ ಅನ್ಕೋತಾರೆ ಅಂತ ಹೇಳ್ಲಿಲ್ಲ ಅಕ್ಕಾ."

ಈ ವಾರವೆಲ್ಲ ಈ ಮಾತು ನನ್ನ ತಲೆ ತಿನ್ನುತ್ತಿದೆ. ಪಾತ್ರೆ ತೊಳೆಯುವಾಗ ನೆನಪಾಗುತ್ತದೆ, ಬಸ್ಸಿನಲ್ಲಿ ಕೂತಾಗ ನೆನಪಾಗುತ್ತದೆ. ಹೇಳಿದವನು 15 ವರ್ಷದ ಹುಡುಗ. ಹೇಳುವಾಗ ಅವನ ಹಲ್ಲು ಕಟಕಟ ಅನ್ನುತ್ತಿತ್ತು. ಮೈಮೇಲೆ ಇನ್ಯಾರದೋ ಒಣ ಜಾಕೆಟ್, ಸುತ್ತ ಎರಡು ಸ್ಲೀಪಿಂಗ್ ಬ್ಯಾಗ್. "ಇವಳು" ಅಂದರೆ ಯಾರು ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಯಾಕೆಂದರೆ ಅವನ ಕೈಗೆ ಬಿಸಿ ಲೋಟ ಕೊಡುತ್ತಿದ್ದವಳು ಅವಳೇ.

ನಮ್ಮ ಹುಡುಗರ ತಂಡದ್ದು ಚಳಿಗಾಲದ ತರಬೇತಿ. ದೊಡ್ಡ ಚಾರಣಕ್ಕೆ ಇನ್ನೂ ಸಮಯವಿದೆ, ಅದಕ್ಕೆ ಮುಂಚೆ ಒಂದು ವಾರಾಂತ್ಯ ಬೆನ್ನಿಗೆ ಪೂರ್ತಿ ಭಾರ ಹೊತ್ತು ನಡೆಯುವುದು, ಟೆಂಟಿನಲ್ಲಿ ರಾತ್ರಿ ಕಳೆಯುವುದು, ಮರುದಿನ ಇಳಿಯುವುದು. ನನ್ನ ಕೆಲಸ ಸಾಲಿನ ಕೊನೆಯಲ್ಲಿ ನಡೆಯುವುದಷ್ಟೇ. ಕೊನೆಯಲ್ಲಿ ನಡೆಯುವವರಿಗೆ ಎಲ್ಲರ ಬೆನ್ನು ಕಾಣುತ್ತದೆ, ಎಲ್ಲರ ಮಾತೂ ಗಾಳಿಯಲ್ಲಿ ಹಿಂದಕ್ಕೆ ಬರುತ್ತದೆ.

ಹವೆ ಭಯಂಕರವೇನೂ ಇರಲಿಲ್ಲ. ಅದೇ ತೊಂದರೆ. ಮೈನಸ್ 20 ಇದ್ದರೆ ಎಲ್ಲರೂ ಹುಷಾರಾಗಿರುತ್ತಾರೆ, ಹಿಮವೂ ಒಣಗಿರುತ್ತದೆ, ಕೊಡವಿದರೆ ಉದುರುತ್ತದೆ. ಸೊನ್ನೆಯ ಆಸುಪಾಸಿನ ಚಳಿಯೇ ಮೋಸದ್ದು. ಮಳೆಯೂ ಅಲ್ಲ, ಹಿಮವೂ ಅಲ್ಲ, ಬಿದ್ದದ್ದೆಲ್ಲ ಬಟ್ಟೆಯೊಳಗೆ ಇಳಿಯುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಜಾಸ್ತಿ ಬೇಗ ಶಾಖವನ್ನು ಸಾಗಿಸುತ್ತದೆ, ಅಂದಮೇಲೆ ಒದ್ದೆ ಬಟ್ಟೆ ಹಾಕಿಕೊಂಡವನ ಗತಿ ಏನು ಅಂತ ಊಹಿಸಿ. ಜೊತೆಗೆ ಗಾಳಿ. ಥರ್ಮಾಮೀಟರ್ ಸೊನ್ನೆ ತೋರಿಸುತ್ತಿದ್ದರೂ ಗಂಟೆಗೆ 40 ಕಿಲೋಮೀಟರ್ ಗಾಳಿ ಬೀಸಿದರೆ ಮುಖಕ್ಕೆ ಅದು ಮೈನಸ್ 7ರ ಹಾಗೆ.

ಹುಡುಗಿಯ ಗೊಣಗಾಟ ಹೊರಟ ಸ್ವಲ್ಪ ಹೊತ್ತಿಗೇ ಶುರುವಾಯಿತು.

"ಒಂದ್ನಿಮಿಷ ನಿಲ್ಲಿ, ನಂಗೆ ಸೆಕೆ ಆಗ್ತಿದೆ, ಜಾಕೆಟ್ ತೆಗೀಬೇಕು." ನಿಂತೆವು. ಆಮೇಲೆ ಹಿಮ್ಮಡಿ ಉಜ್ಜುತ್ತಿದೆ, ಟೇಪ್ ಹಾಕಬೇಕು. ಆಮೇಲೆ ಗ್ಲೌಸ್ ಒದ್ದೆ. ಆಮೇಲೆ ಹಸಿವು. ಆಮೇಲೆ ಬ್ಯಾಗಿನ ಪಟ್ಟಿ ಒಂದು ಕಡೆ ಎಳೆಯುತ್ತಿದೆ. ಪ್ರತಿ ಸಲವೂ ಮುಂದಿನಿಂದ ಯಾರೋ "ಶುರುವಾಯ್ತಪ್ಪಾ" ಅನ್ನುವುದು, ಇನ್ಯಾರೋ ನಗುವುದು. ಹಾಗಂತ ಅವಳೇನು ದೇವತೆಯಲ್ಲ. ಅರ್ಧ ದೂರು ಸುಮ್ನೆ ದೂರೇ. ತನಗೆ ಸಿಕ್ಕ ಮ್ಯಾಟಿನ ಬಣ್ಣ ಚೆನ್ನಾಗಿಲ್ಲ ಅಂತಲೂ ಗೊಣಗಿದ್ದಳು.

ತಂಡದ ಕಿರಿಯ ಲೀಡರ್ ಒಬ್ಬನಿದ್ದಾನೆ, ಕಾಲೇಜು ಮುಗಿಸಿದವನು. ಒಳ್ಳೆಯ ಹುಡುಗ, ಮೈಮುರಿದು ಕೆಲಸ ಮಾಡುತ್ತಾನೆ. ಆದರೆ ಜೋರಾಗಿ ಕೂಗಿದರೆ ಮಕ್ಕಳ ಮೈ ಬೆಚ್ಚಗಾಗುತ್ತದೆ ಅಂತ ಅವನು ನಿಜವಾಗಿ ನಂಬಿದ್ದಾನೆ. "ಗಟ್ಟಿ ಆಗ್ರೋ! ದೇಹ ಸೋಲಲ್ಲ, ಮನಸ್ಸು ಸೋಲೋದು!" ಅಂತ ಇಡೀ ಬೆಟ್ಟಕ್ಕೆ ಕೇಳುವ ಹಾಗೆ. ದೇಹವೂ ಸೋಲುತ್ತಪ್ಪಾ, ಮನಸ್ಸಿಗಿಂತ ಮೊದಲೇ ಸೋಲುತ್ತೆ. ದಾರಿಯ ಲೆಕ್ಕ ಅವನೇ ಹಾಕಿದ್ದ. 1892ರಲ್ಲಿ ನೇಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಪರ್ವತಾರೋಹಿ ಕೊಟ್ಟ ಲೆಕ್ಕ ಈಗಲೂ ನಡೆಯುತ್ತಿದೆ: 5 ಕಿಲೋಮೀಟರ್‌ಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಭಾರ, ಹಿಮ, ಎದುರು ಗಾಳಿ ಇದ್ದರೆ ಅದರ ಮೇಲೆ ಇನ್ನಷ್ಟು ಸೇರಿಸಬೇಕು. ಇವನು ಹುಡುಗಿ ನಿಲ್ಲಿಸಿದ ನಿಮಿಷಗಳನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಅದನ್ನು ನೋಡಿ ನನಗೆ ನಗುವೂ ಬಂತು, ಸಿಟ್ಟೂ ಬಂತು.

ಹುಡುಗ ಸಾಲಿನ ಮುಂದಿದ್ದ. ಒಂದು ಮಾತಿಲ್ಲ, ಕತೆಯಿಲ್ಲ. ತನ್ನದಲ್ಲದ ಟೆಂಟಿನ ಕಂಬಗಳನ್ನೂ ಹೊತ್ತಿದ್ದ. ಮೆತ್ತಗಿನ ಹಿಮ ಇದ್ದಲ್ಲಿ ಅವನೇ ತುಳಿದು ದಾರಿ ಮಾಡುತ್ತಿದ್ದ. ಅದು ಎಲ್ಲಕ್ಕಿಂತ ಸುಸ್ತಿನ ಕೆಲಸ, ಸರದಿಯಲ್ಲಿ ಮಾಡಬೇಕಾದದ್ದು. "ನಾನು ಬರ್ಲಾ?" ಅಂದವರಿಗೆಲ್ಲ ಬೇಡ ಅಂದ. ಜಾಕೆಟ್ ಒಮ್ಮೆಯೂ ತೆಗೆಯಲಿಲ್ಲ. ಹೊರಡುವಾಗ ಸ್ವಲ್ಪ ಚಳಿಯಲ್ಲೇ ಹೊರಡಬೇಕು, ನಡೆಯುತ್ತಾ ಬಿಸಿಯಾಗುತ್ತದೆ, ಬೆವರಬಾರದು ಅಂತ ಹಿಂದಿನ ರಾತ್ರಿ ಪಾಠ ಆಗಿತ್ತು. ಬೆವರು ಒಳಗಿನಿಂದ ಬರುವ ಮಳೆ ಇದ್ದ ಹಾಗೆ, ಎಂಥ ದುಬಾರಿ ಜಾಕೆಟ್ಟೂ ಅದನ್ನು ತಡೆಯಲ್ಲ. ಹುಡುಗಿ ಪಾಠ ಕೇಳಿಸಿಕೊಂಡು ನಿಲ್ಲಿಸಿ ತೆಗೆದಳು, ಬೈಸಿಕೊಂಡಳು. ಹುಡುಗ ನಿಲ್ಲಿಸಲಿಲ್ಲ, ಶಭಾಷ್ ಅನ್ನಿಸಿಕೊಂಡ.

ಮಧ್ಯಾಹ್ನ ತಿನ್ನಲು ಕೂತೆವು. ಕೂತ ಮೇಲೆ ಗೊತ್ತಾಗುವುದು. ನಡೆಯುವಾಗ ಮೈ ತಾನೇ ಒಲೆ ಉರಿಸುತ್ತಿರುತ್ತದೆ, ನಿಂತ ಕೂಡಲೇ ಒದ್ದೆ ಅಂಗಿ ತನ್ನ ಕೆಲಸ ಶುರು ಮಾಡುತ್ತದೆ. ಮತ್ತೆ ಹೊರಟಾಗ ಹುಡುಗ ಮುಂದಿರಲಿಲ್ಲ, ನಡುವಿಗೆ ಬಂದಿದ್ದ. ಆಮೇಲೆ ನನ್ನ ಮುಂದೆಯೇ ಇದ್ದ. ಕಲ್ಲೇ ಇಲ್ಲದ ಕಡೆ ಎಡವಿದ. ಗ್ಲೌಸ್ ಬೀಳಿಸಿಕೊಂಡು ಅದನ್ನು ನೋಡುತ್ತಾ ನಿಂತ, ಬಗ್ಗಲಿಲ್ಲ. ಜಾಕೆಟಿನ ಜಿಪ್ ತೆರೆದಿತ್ತು, ಗಾಳಿ ನೇರ ಎದೆಗೇ ಹೊಡೆಯುತ್ತಿತ್ತು, ಅವನಿಗೆ ಅದರ ಪರಿವೆಯಿಲ್ಲ. ನಾನು ಸೀಟಿ ಊದಿ ಸಾಲು ನಿಲ್ಲಿಸಿದೆ.

ಕಿರಿಯ ಲೀಡರ್ ಓಡಿ ಬಂದ. "ಆರಾಮಿದ್ದೀಯೇನೋ?"

"ಆರಾಮ್."

"ಚಳಿ ಏನಾದ್ರೂ?"

"ಇಲ್ಲ, ಆರಾಮ್."

"ನಡೀತೀಯಾ?"

"ನಡೀತೀನಿ, ಆರಾಮ್."

ಲೀಡರ್ ನನ್ನ ಕಡೆ ತಿರುಗಿ, ನೋಡಿ ಅಕ್ಕಾ ಆರಾಮಿದ್ದಾನೆ ಅನ್ನುವ ಹಾಗೆ ಕೈ ತೋರಿಸಿದ.

ಅಷ್ಟರಲ್ಲಿ ನಮ್ಮ ತರಬೇತುದಾರರು ಬಂದರು. ಅವರಿಗೆ ಮಕ್ಕಳೆಲ್ಲ ಮೇಡಂ ಅನ್ನುತ್ತಾರೆ. ಮಾತು ಬಹಳ ಕಮ್ಮಿ, ಮುಖದಲ್ಲಿ ನಗುವೂ ಕಮ್ಮಿ. ಮೊದಮೊದಲು ನನಗೆ ಅವರು ಜಂಬದವರು ಅನ್ನಿಸಿತ್ತು, ಈಗಲೂ ಸ್ವಲ್ಪ ಹಾಗೇ ಅನ್ನಿಸುತ್ತದೆ. ಆದರೆ ಅವರು ಹುಡುಗನನ್ನು ಹೇಗಿದ್ದೀಯ ಅಂತ ಕೇಳಲೇ ಇಲ್ಲ. "ಗ್ಲೌಸ್ ತೆಗಿ. ಹೆಬ್ಬೆರಳು ಕಿರುಬೆರಳಿಗೆ ಮುಟ್ಟಿಸು" ಅಂದರು. ಅವನು ಮುಟ್ಟಿಸಲು ಹೋದ. ಆಗಲಿಲ್ಲ. "100ರಿಂದ ಏಳೇಳು ಕಳೀತಾ ಬಾ." 93 ಅಂದ. ಆಮೇಲೆ ಸುಮ್ಮನೆ ನಕ್ಕ. ಗಣಿತದಲ್ಲಿ ತಂಡಕ್ಕೇ ಜಾಣ ಅವನು.

ಮೇಡಂ ಎದ್ದು ನಿಂತು "ಇವತ್ತು ಇಲ್ಲಿಗೇ" ಅಂದರು.

ಆಮೇಲಿನದ್ದನ್ನೆಲ್ಲ ಬೇಗ ಬೇಗ ಮಾಡಿದೆವು. ಗಾಳಿಗೆ ಮರೆ ಮಾಡಿ, ಕೆಳಗೆ ಮ್ಯಾಟ್ ಹಾಸಿ (ನೆಲವೂ ಮೈಯ ಶಾಖ ಎಳೆಯುತ್ತದೆ, ಮೇಲೆ ಎಷ್ಟು ಹೊದೆಸಿದರೂ ಕೆಳಗೆ ಹಾಸದಿದ್ದರೆ ವ್ಯರ್ಥ), ಒದ್ದೆಯದೆಲ್ಲ ತೆಗೆದು ಒಣಗಿದ್ದು ತೊಡಿಸಿ, ಪೂರ್ತಿ ಎಚ್ಚರವಿದೆ, ನುಂಗಬಲ್ಲ ಅಂತ ಖಾತ್ರಿ ಮಾಡಿಕೊಂಡು ಸಕ್ಕರೆ ಹಾಕಿದ ಬಿಸಿ ಪಾನೀಯ. ಕೈಕಾಲು ತಿಕ್ಕಲು ಹೋದ ಒಬ್ಬನನ್ನು ಮೇಡಂ ತಡೆದರು. ಹುಡುಗ ಗಡಗಡ ನಡುಗಲು ಶುರು ಮಾಡಿದಾಗ ಮಕ್ಕಳು ಹೆದರಿದರು, ಮೇಡಂ ಮುಖ ಮಾತ್ರ ಸಡಿಲವಾಯಿತು. ನಡುಗುವುದು ಮೈ ಇನ್ನೂ ಹೋರಾಡುತ್ತಿದೆ ಅಂತ. ಮೈ ಬೆಚ್ಚಗಾಗದೆ ನಡುಕ ನಿಂತರೆ ಹೆದರಬೇಕು. ಒಳಗಿನ ಶಾಖ 37ರಿಂದ 35 ಡಿಗ್ರಿಗಿಂತ ಕೆಳಗೆ ಇಳಿದರೆ ಹೈಪೋಥರ್ಮಿಯಾ. ಎರಡೇ ಡಿಗ್ರಿಯ ಅಂತರ, ನೋಡಿ. ಕೆಡುಕೇನು ಅಂದರೆ ಮೈ ತಣ್ಣಗಾಗುತ್ತಾ ಹೋದ ಹಾಗೆ ತಲೆಯೂ ಮಂಕಾಗುತ್ತದೆ. ತನಗೆ ಚಳಿಯಾಗಿದೆ ಅಂತ ತಿಳಿಯಬೇಕಾದ ತಲೆಯೇ ಮಂಕು. ಅಂಥವನನ್ನು ಆರಾಮಾ ಅಂತ ಕೇಳಿದರೆ ಆರಾಮ್ ಅನ್ನದೆ ಇನ್ನೇನು ಅಂದಾನು?

ಆದರೆ ಹುಡುಗ ತಲೆ ನೆಟ್ಟಗಿದ್ದಾಗಲೂ ಹೇಳಿರಲಿಲ್ಲ ಅನ್ನುವುದು ಆಮೇಲೆ ತಿಳಿಯಿತು. ಕಾಲ್ಚೀಲ ಒದ್ದೆಯಾದದ್ದು ಬೆಳಗ್ಗೆಯೇ ಗೊತ್ತಿತ್ತಂತೆ. ಬೆನ್ನು ಬೆವರಿದ್ದೂ ಗೊತ್ತಿತ್ತು. ಊಟದ ಹೊತ್ತಿಗೆ ಬೆರಳು ಮರಗಟ್ಟಿದ್ದವು, ಅದೂ ಗೊತ್ತಿತ್ತು. ಯಾಕೋ ಹೇಳ್ಲಿಲ್ಲ ಅಂತ ನಾನು ಕೇಳಿದಾಗ ಬಂದ ಉತ್ತರವೇ ಅದು.

ನಾನು ಮತ್ತೆ ಮತ್ತೆ ನೆನೆಸಿಕೊಳ್ಳುವುದು ಆಗಿನ ಹುಡುಗಿಯ ಮುಖವನ್ನು. ಮೊದಲು ಕೆಂಪಾಯಿತು. ಈಗ ಅಳುತ್ತಾಳೆ ಅಂದುಕೊಂಡೆ. ಲೋಟ ಅವನ ಕೈಗೆ ಸರಿಯಾಗಿ ಹಿಡಿಸಿ, "ನನ್ ಥರ ಆಗಿದ್ದಿದ್ರೆ ನಿನ್ ಕಾಲ್ಚೀಲ ಒಣಗಿರ್ತಿತ್ತು ಕಣೋ" ಅಂದಳು. ಯಾರೂ ನಗಲಿಲ್ಲ. ಆಮೇಲೆ ಹುಡುಗನೇ ನಕ್ಕ, ಹಲ್ಲು ಕಡಿಯುತ್ತಲೇ.

ಸಂಜೆ ಒಲೆ ಹಚ್ಚುವಾಗ ಇನ್ನೊಂದು ಕಂಡಿತು. ಕೆಲವರ ಗ್ಯಾಸ್ ಕ್ಯಾನ್ ಸರಿಯಾಗಿ ಉರಿಯುತ್ತಿರಲಿಲ್ಲ. ಅದರೊಳಗಿನ ಬ್ಯೂಟೇನ್ ಅನಿಲ ಸೊನ್ನೆಯ ಹತ್ತಿರ ಬಂದರೆ ಆವಿಯಾಗುವುದಿಲ್ಲ, ದ್ರವವಾಗಿ ಡಬ್ಬಿಯೊಳಗೇ ಕೂತುಬಿಡುತ್ತದೆ. ಹುಡುಗಿಯದು ಮಾತ್ರ ಉರಿಯಿತು. ಡಬ್ಬಿ ಬೆನ್ನಿಗೆ ಚುಚ್ಚುತ್ತಿದೆ ಅಂತ ಗೊಣಗಿಕೊಂಡೇ ಬಟ್ಟೆಯಲ್ಲಿ ಸುತ್ತಿ ಬ್ಯಾಗಿನ ನಡುವೆ ಇಟ್ಟಿದ್ದಳು. ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಟ್ಟಿದ್ದವಳೂ ಅವಳೇ. ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆ, ತಲೆಕೆಳಗಿದ್ದರೆ ಬಾಯಿ ಕಟ್ಟಿಕೊಳ್ಳುವುದಿಲ್ಲ.

ಆ ರಾತ್ರಿ ನಿದ್ದೆ ಬಾರದೆ ನೆನಪಾದದ್ದು ಬ್ರಿಟಿಷ್ ಅನ್ವೇಷಕ ಸ್ಕಾಟನ ದಕ್ಷಿಣ ಧ್ರುವದ ತಂಡ. ಅದರಲ್ಲಿದ್ದ ಓಟ್ಸ್ ತನ್ನಿಂದ ಉಳಿದವರು ನಿಧಾನವಾಗುತ್ತಿದ್ದಾರೆ ಅಂತ ಸಾಯಲೆಂದೇ ಹಿಮಗಾಳಿಗೆ ಎದ್ದು ಹೋದದ್ದು ಎಲ್ಲರಿಗೂ ಗೊತ್ತು. ತರಬೇತಿಗಳಲ್ಲಿ ಆ ಕತೆ ಹೇಳಿ ಮಕ್ಕಳ ಕಣ್ಣು ಒದ್ದೆ ಮಾಡುತ್ತಾರೆ. ಅದಕ್ಕೂ ಎರಡು ವಾರ ಮುಂಚೆ, 1912ರ ಮಾರ್ಚ್ 2ರಂದು, ಓಟ್ಸ್ ತನ್ನ ಪಾದ ತೋರಿಸಿದ, ಬೆರಳುಗಳ ಸ್ಥಿತಿ ಬಹಳ ಕೆಟ್ಟದಾಗಿತ್ತು ಅಂತ ಸ್ಕಾಟ್ ಡೈರಿಯಲ್ಲಿ ಬರೆದಿದ್ದಾನೆ. ಆ ದಿನದ ಕತೆಯನ್ನು ಯಾರೂ ಮಕ್ಕಳಿಗೆ ಹೇಳುವುದಿಲ್ಲ. ಮುಂಚೆಯೇ ತೋರಿಸಿದ್ದರೆ ಬದುಕುತ್ತಿದ್ದ ಅಂತ ನಾನು ಹೇಳುತ್ತಿಲ್ಲ. ಆ ಬಿಳಿ ಬಯಲಲ್ಲಿ ತೋರಿಸಿ ತಾನೇ ಏನು ಮಾಡಬಹುದಿತ್ತು? ಆದರೆ ನಮ್ಮ ಹುಡುಗನ ಸುತ್ತ ಒಣ ಬಟ್ಟೆ ಇತ್ತು, ಬಿಸಿ ನೀರಿತ್ತು, ನಾಲ್ಕು ಜನ ದೊಡ್ಡವರಿದ್ದೆವು. ಬಾಯಿ ಬಿಟ್ಟಿದ್ದರೆ ಸಾಕಿತ್ತು.

ಇದು ಬೆಟ್ಟಕ್ಕೆ ಮಾತ್ರ ಸಂಬಂಧಿಸಿದ್ದಲ್ಲ ಅನ್ನಿಸುತ್ತದೆ. ಎದೆನೋವನ್ನು ಗ್ಯಾಸ್ ಇರಬೇಕು ಬಿಡು ಅನ್ನುವ ಗಂಡಸರು ಎಲ್ಲ ಮನೆಯಲ್ಲೂ ಇದ್ದಾರೆ. ಜ್ವರದಲ್ಲೇ ಎಲ್ಲರಿಗೂ ಅಡುಗೆ ಮಾಡಿ ಹಾಕಿ, ಅದನ್ನು ಆಮೇಲೆ ಹೊಗಳಿಸಿಕೊಳ್ಳುವ ಹೆಂಗಸರೂ ಇದ್ದಾರೆ. ನಾವು ಅವರನ್ನು ಹೊಗಳುತ್ತೇವೆ. ಹೊಗಳುವಾಗಲೆಲ್ಲ ಪಕ್ಕದಲ್ಲಿ ಒಂದು ಮಗು ಕೇಳಿಸಿಕೊಳ್ಳುತ್ತಿರುತ್ತದೆ. ಒಬ್ಬರನ್ನು ಗೊಣಗುತ್ತೀಯ ಅಂತ ಆಡಿಕೊಂಡಾಗ ಅವರು ಬಾಯಿ ಮುಚ್ಚಲಿಕ್ಕಿಲ್ಲ, ಆದರೆ ನೋಡುತ್ತಿರುವ ಇನ್ನೊಬ್ಬರು ಮುಚ್ಚುತ್ತಾರೆ. ಇಲ್ಲಿ ಆದದ್ದೂ ಅದೇ ಅಲ್ವಾ? ನಕ್ಕದ್ದು ಹುಡುಗಿಯನ್ನು ನೋಡಿ, ಪೆಟ್ಟು ಬಿದ್ದದ್ದು ಹುಡುಗನಿಗೆ.

ಅಂದ ಹಾಗೆ, ನೋಟ್‌ಬುಕ್ಕಿನ ಲೆಕ್ಕ. ಹುಡುಗಿಯ ಎಲ್ಲ ನಿಲುಗಡೆ ಸೇರಿಸಿದರೂ ಅರ್ಧ ಗಂಟೆ ಆಗಲಿಲ್ಲ. ಹುಡುಗನ ಒಂದೇ ನಿಲುಗಡೆ ಇಡೀ ಮಧ್ಯಾಹ್ನ ನುಂಗಿತು, ಮೇಲಿನ ಕ್ಯಾಂಪ್ ತಲುಪಲೇ ಇಲ್ಲ.

ಮರುದಿನ ಅವನ ಅಪ್ಪ ಕರೆದುಕೊಂಡು ಹೋಗಲು ಬಂದವರು, ವಿಷಯ ತಿಳಿದ ಮೇಲೂ, "ಅವನು ಚಿಕ್ಕವನಿದ್ದಾಗಿನಿಂದ್ಲೂ ಹಾಗೇ ಮೇಡಂ, ಏನಾದ್ರೂ ಬಾಯಿ ಬಿಡಲ್ಲ" ಅಂದರು. ಆ ದನಿಯಲ್ಲಿ ಹೆಮ್ಮೆ ಇತ್ತು. ಮೇಡಂ "ಅದನ್ನೇ ಸರಿ ಮಾಡ್ಬೇಕು" ಅಂದು ಹಗ್ಗ ಸುತ್ತಲು ಹೋದರು. ಮುಂದಿನ ಸಲದಿಂದ ಗಂಟೆಗೊಮ್ಮೆ ನಿಲ್ಲಬೇಕು, ಪ್ರತಿಯೊಬ್ಬರೂ ಒಂದು ತೊಂದರೆ ಹೇಳಲೇಬೇಕು, ಏನಿಲ್ಲ ಅನ್ನುವಂತಿಲ್ಲ ಅಂತ ಅವರ ಹೊಸ ನಿಯಮ. ತಮ್ಮದನ್ನೂ ಹೇಳುತ್ತಾರಾ ನೋಡಬೇಕು.

ಈಗ ನನ್ನ ಮೇಜಿನ ಮೇಲೆ ಮೌಲ್ಯಮಾಪನದ ಹಾಳೆ ಇದೆ. ಅದರಲ್ಲಿ "ಸಹನಶಕ್ತಿ" ಅಂತ ಒಂದು ಕಾಲಂ, 5 ಅಂಕ, ಕೆಳಗೆ ಸಣ್ಣ ಅಕ್ಷರದಲ್ಲಿ "ದೂರದೆ ಕಷ್ಟ ಸಹಿಸುವ ಗುಣ". ಕಿರಿಯ ಲೀಡರ್ ಹುಡುಗಿಗೆ 2 ಹಾಕಿದ್ದಾನೆ, ಹುಡುಗನಿಗೆ 4. ಇಷ್ಟೆಲ್ಲ ಆದ ಮೇಲೆ! ಫೋನ್ ಮಾಡಿ ಕೇಳಿದೆ. "ಅಕ್ಕಾ, ಗೊಣಗಿದವ್ರಿಗೆಲ್ಲ ಮಾರ್ಕ್ಸ್ ಕೊಟ್ರೆ ನಾಳೆ ಎಲ್ರೂ ಗೊಣಗ್ತಾರೆ" ಅಂದ. ಗೊಣಗಲಿ ಬಿಡಪ್ಪಾ, ಕೇಳೋಕೆ ತಾನೇ ನಾವಿರೋದು ಅಂದೆ. ಅವನು ಒಪ್ಪಲಿಲ್ಲ. ನಾನು ಹುಡುಗಿಯ 2 ಹೊಡೆದುಹಾಕಿ 5 ಬರೆದೆ. ಹುಡುಗನಿಗೆ ಎಷ್ಟು ಹಾಕುವುದು ಅಂತ ತಿಳಿಯುತ್ತಿಲ್ಲ. 4 ತಪ್ಪು, 1 ಹಾಕಿದರೆ ಅನ್ಯಾಯ. ಕೇಳಿದಾಗ ನಿಜವಾದ ಕಾರಣ ಹೇಳಿದನಲ್ಲ, ಅದೂ ಆ ಹುಡುಗಿಯ ಎದುರಿಗೇ. ಅದಕ್ಕೆ ಆ ಹಾಳೆಯಲ್ಲಿ ಕಾಲಂ ಇಲ್ಲ.