ಸಸ್ಪೆಂಡ್ ಮಾಡಿದ್ದು ಯಾರು?
ಎರಡು ದಿನದಿಂದ ಫ್ರೀಆರ್‌ಟಿಒಎಸ್ (ಪುಟ್ಟ ಚಿಪ್‌ಗಳಲ್ಲಿ ಓಡುವ ಆಪರೇಟಿಂಗ್ ಸಿಸ್ಟಮ್) ಜೊತೆ ಗುದ್ದಾಟ. ಸೆನ್ಸರ್ ಓದುವ ಟಾಸ್ಕ್ (ಪ್ರೋಗ್ರಾಮಿನೊಳಗೆ ಪ್ರತ್ಯೇಕವಾಗಿ ಓಡುವ ಕೆಲಸ) ಡೀಬಗರ್‌ನಲ್ಲಿ (ಕೋಡಿನ ತಪ್ಪು ಹುಡುಕುವ ಸಾಧನ) 'ಸಸ್ಪೆಂಡೆಡ್', ಅಂದರೆ ಯಾರೋ ಬೇಕಂತಲೇ ನಿಲ್ಲಿಸಿದ್ದಾರೆ, ಅಂತ ಕಾಣುತ್ತಿತ್ತು. ಕೋಡೆಲ್ಲ ಜಾಲಾಡಿದೆ. ಅದನ್ನು ಸಸ್ಪೆಂಡ್ ಮಾಡುವ ಸಾಲೇ ಇಲ್ಲ!

ಫ್ರೀಆರ್‌ಟಿಒಎಸ್‌ನ ತಿರುಳಾದ ಕರ್ನಲ್‌ನ ಸೋರ್ಸ್ ಕೋಡ್ ತೆರೆದಾಗ ಗುಟ್ಟು ಗೊತ್ತಾಯಿತು. ಗಡುವೇ ಇಲ್ಲದೆ ಕ್ಯೂ (ಡೇಟಾ ಬಂದು ಸೇರುವ ಸಾಲು) ಮುಂದೆ ಕಾಯುವ ಟಾಸ್ಕನ್ನೂ ಕರ್ನಲ್ ಸಸ್ಪೆಂಡೆಡ್ ಪಟ್ಟಿಗೇ ಹಾಕುತ್ತದೆ. ನನ್ನ ಡೀಬಗರ್ ಪಟ್ಟಿ ನೋಡಿ ಹೆಸರಿಟ್ಟಿದೆ, ಅಷ್ಟೇ. ನಿಜಕ್ಕೂ ನನ್ನ ಟಾಸ್ಕ್ ಬ್ಲಾಕ್ಡ್, ಅಂದರೆ ಏನಕ್ಕೋ ಕಾಯುತ್ತಿದೆ. 5 ಸೆಕೆಂಡ್ ಗಡುವು ಕೊಟ್ಟೆ, ಹಣೆಪಟ್ಟಿ ಬದಲಾಯಿತು.

ಸುಮ್ನೆ ಕೂತಿದ್ದಾನೆ ಅಂತ ನಾವು ಬೈಯುವವರಲ್ಲೂ ಎಷ್ಟೋ ಜನ ಯಾವುದೋ ಫೋನಿಗೆ ಕಾಯುತ್ತಿರುತ್ತಾರೆ, ಅಲ್ವಾ?

ಅಂದಹಾಗೆ ಬಗ್ ಇದ್ದದ್ದು ಬೇರೆ ಕಡೆ. ಕ್ಯೂಗೆ ಡೇಟಾ ತುಂಬಬೇಕಾದ ಇಂಟರಪ್ಟನ್ನು (ಹಾರ್ಡ್‌ವೇರ್ ಚಿಪ್‌ಗೆ ಕೊಡುವ ಕರೆ) ನಾನೇ ಆನ್ ಮಾಡಿರಲಿಲ್ಲ. ಪಾಪ, ಟಾಸ್ಕ್ ಇನ್ನೇನು ಮಾಡೀತು!