ಈಜು ಬರಲ್ಲ, ಕಯಾಕ್ ಹತ್ತಬಹುದಾ?

ಬೆಂಗಳೂರಿನಿಂದ ಉಡುಪಿಗೆ ಬರುವ ಗೆಳೆಯರು ಫೋನ್ ಮಾಡಿ ಮೊದಲು ಕೇಳುವುದೇ ಇದು: 'ನಂಗೆ ಈಜು ಬರಲ್ಲ ಕಣೋ, ಕಯಾಕ್ ಹತ್ತಬಹುದಾ?' ಹತ್ತಬಹುದು, ಹುಟ್ಟು ಹಾಕುವ ಸಣ್ಣ ದೋಣಿ ಅದು. ನದಿ ಬಲ್ಲ ಊರಿನವರೊಬ್ಬರು ಜೊತೆಗಿರಬೇಕು, ಲೈಫ್ ಜಾಕೆಟ್ ಬಿಗಿಯಾಗಿರಬೇಕು, ಅಷ್ಟೇ. ಹಾಕಿಕೊಂಡ ಮೇಲೆ ಯಾರಾದರೂ ಭುಜದ ಪಟ್ಟಿ ಹಿಡಿದು ಮೇಲಕ್ಕೆಳೆಯಲಿ. ಜಾಕೆಟ್ ಕಿವಿವರೆಗೆ ಬಂತು ಅಂದ್ರೆ ಸಡಿಲ, ನೀರಿಗೆ ಬಿದ್ದಾಗಲೂ ಹಾಗೇ ಬರುತ್ತೆ.

ಆದರೆ ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅವತ್ತು ಭರತ, ಅಂದ್ರೆ ಕಡಲಿನ ನೀರು ಏರಿ ಪೂರ್ತಿ ತುಂಬುವುದು, ಎಷ್ಟು ಹೊತ್ತಿಗೆ?

ಸ್ವರ್ಣಾ, ಸೀತಾ ಎರಡೂ ನದಿಗಳು ಕೋಡಿಬೆಂಗ್ರೆ ಹತ್ತಿರ ಸಮುದ್ರ ಸೇರುತ್ತವೆ. ಕೆಮ್ಮಣ್ಣು ತೂಗುಸೇತುವೆಯ ಸುತ್ತಮುತ್ತ ಕುದ್ರುಗಳು (ನದಿ ನಡುವಿನ ದ್ವೀಪಗಳು), ಕಾಂಡ್ಲಾ (ಮ್ಯಾಂಗ್ರೋವ್) ಬೆಳೆದ ತೋಡುಗಳು, ಅಂದ್ರೆ ಕಿರಿದಾದ ಕಾಲುವೆಗಳು. ನೋಡಲು ನೀರು ನಿಂತೇ ಇದೆ ಅನ್ನಿಸುತ್ತೆ. ನಿಂತಿರುವುದಿಲ್ಲ. ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತೆ, ಅದೂ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ. ಲೆಕ್ಕ ಹಾಕಿ ನೋಡಿ, ಏಳು ದಿನಕ್ಕೆ ಹತ್ತಿರ ಹತ್ತಿರ 6 ಗಂಟೆ. ಅಂದ್ರೆ ಹೋದ ಭಾನುವಾರ ಬೆಳಿಗ್ಗೆ ಏಳಕ್ಕೆ ನಿಮ್ಮ ಕಸಿನ್ ತುಂಬಿದ ತೋಡಿನಲ್ಲಿ ಫೋಟೋ ತೆಗೆದು ಹಾಕಿದ್ದನ್ನು ನೋಡಿ ಈ ಭಾನುವಾರ ಅದೇ ಏಳಕ್ಕೆ ನೀವು ಬಂದರೆ ಸಿಗುವುದು ಬರೀ ಕೆಸರು.

ಕೆಸರು ಅಂದ್ರೆ ಇಳಿದು ನಡೆಯುವಂಥದ್ದಲ್ಲ. ಕಾಲು ಮೊಣಕಾಲುವರೆಗೆ ಹೂತುಹೋಗುತ್ತೆ, ಬೇರಿಗೆ ಅಂಟಿದ ಚಿಪ್ಪುಗಳು ಪಾದ ಕೊಯ್ಯುತ್ತವೆ.

ಅದಕ್ಕೇ ಭರತಕ್ಕೆ ಒಂದೂವರೆ ಗಂಟೆ ಮುಂಚೆ ಇಳಿಯಿರಿ. ಏರುವ ನೀರಿನ ಜೊತೆ ಮೇಲಕ್ಕೆ ಹೋಗಿ, ನೀರು ತಿರುಗಿದ ಕೂಡಲೇ ವಾಪಸ್ ಹೊರಡಿ. ಹುಟ್ಟು ಜಾಸ್ತಿ ಹಾಕೋದೇ ಬೇಡ. ತಿರುಗಿದ್ದು ತಿಳಿಯೋದು ಹೇಗೆ? ತೇಲುತ್ತಿರುವ ತೆಂಗಿನ ಮಡಲು ಯಾವ ಕಡೆ ಹೊರಟಿದೆ ನೋಡಿ. ಇಲ್ಲಾ ಕಾಂಡ್ಲಾದ ಬೇರು ನೋಡಿ: ನೀರಿನ ಮೇಲೆ ನಾಲ್ಕು ಬೆರಳು ಒದ್ದೆ ಪಟ್ಟಿ ಕಂಡರೆ ಇಳಿತ ಶುರುವಾಗಿದೆ. ಮೊದಲ ಗಂಟೆ ನಿಧಾನ, ಮೂರನೇ ನಾಲ್ಕನೇ ಗಂಟೆಯಲ್ಲಿ ಎಳೆತ ಜೋರು. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಇನ್ನೂ ಜೋರು. ಹೊಸಬರಾದರೆ ಅಷ್ಟಮಿ ಹತ್ತಿರದ ದಿನ ಆರಿಸಿಕೊಳ್ಳಿ. ಕ್ಯಾಲೆಂಡರ್ ಅಡುಗೆಮನೆ ಗೋಡೆಯಲ್ಲೇ ಇರುತ್ತಲ್ವಾ, ಭರತದ ವೇಳೆಗೆ ಮೊಬೈಲ್ ಸಾಕು.

ಗಾಳಿಯದ್ದೂ ಒಂದು ಮಾತು. ಮಧ್ಯಾಹ್ನದ ಹೊತ್ತಿಗೆ ಕಡಲಿನ ಗಾಳಿ ಎದ್ದರೆ ಅಗಲವಾದ ಕಡೆ ಅಲೆ ಏಳುತ್ತೆ, ಎದುರು ಹುಟ್ಟು ಹಾಕಿ ತೋಳು ಸೋಲುತ್ತೆ. ಇನ್ನು ನದಿ ಸಮುದ್ರ ಸೇರುವ ಅಳಿವೆ ಕಡೆ ಮಾತ್ರ ಸುತರಾಂ ಬೇಡ, ಅದರಲ್ಲೂ ಇಳಿತದಲ್ಲಿ. ಅಲ್ಲಿ ಹೊರಹೋಗುವ ನದಿ, ಒಳಬರುವ ಅಲೆ ಎರಡೂ ಡಿಕ್ಕಿ ಹೊಡೆಯುತ್ತವೆ. ಈಜು ಬರುವವರೂ ಅಲ್ಲಿ ಸುಮ್ನೆ ಹೋಗೋದಿಲ್ಲ.

ಮಳೆಗಾಲದಲ್ಲಿ ಬರಲಾ ಅಂತ ಕೇಳುವವರೂ ಇದ್ದಾರೆ. ಬನ್ನಿ. ನದಿಗಲ್ಲ, ಮನೆಗೆ. ಪತ್ರೊಡೆ ಮಾಡಿರ್ತೀವಿ.