ಕಲಬುರಗಿ ಬಿಸಿಲಿಗೆ ಯಾವ ಸೆಂಟು?

ಬೀರುವಿನ ಮೇಲಿನ ಖಾನೆಯಲ್ಲಿ ಹದಿಮೂರು ಬಾಟಲಿ ಇವೆ. ಎಣಿಸಿದ್ದು ನಾನಲ್ಲ, ನನ್ನ ಹೆಂಡತಿ. ಬ್ಯಾಂಕಿನವರು ಕಲಬುರಗಿಯಿಂದ ಸಾಗರಕ್ಕೆ ವರ್ಗ ಮಾಡಿದಾಗ ಒಂದೊಂದನ್ನೂ ಹಳೇ ಪೇಪರಿನಲ್ಲಿ ಸುತ್ತುತ್ತಾ, "ರೀ, ಇದರಲ್ಲಿ ಅರ್ಧ ನೀವು ಮುಟ್ಟೇ ಇಲ್ವಲ್ಲ" ಅಂದಳು. ನಿಜ. ಮೂರು ವರ್ಷದ ಬಿಸಿಲು ಅಷ್ಟನ್ನೂ ಸೋಸಿ, ನಾಲ್ಕೈದು ಮಾತ್ರ ಉಳಿಸಿತ್ತು.

ನಮ್ಮ ಅರಸೀಕೆರೆ ಮನೆಯಲ್ಲಿ ಗಂಡಸರ ಸೆಂಟು ಅಂತ ಇದ್ದದ್ದು ಒಂದೇ, ಅಪ್ಪನ ಓಲ್ಡ್ ಸ್ಪೈಸ್ ಆಫ್ಟರ್ ಶೇವ್. ಹಡಗಿನ ಚಿತ್ರದ ಬಿಳಿ ಬಾಟಲಿ. ಅಮೆರಿಕದಲ್ಲಿ 1938ರಲ್ಲೇ ಬಂದ ಮಾಲು ಅದು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಆಗ ಅದು ಭಾನುವಾರದ ವಾಸನೆ, ಅಷ್ಟೇ. ಅಂಗೈಗೆ ನಾಲ್ಕು ಹನಿ, ಎರಡೂ ಕೈ ಉಜ್ಜಿ ಕೆನ್ನೆಗೆ ಪಟಪಟ ಅಂತ ಎರಡೇಟು, ಆಮೇಲೆ ಹಲ್ಲು ಕಚ್ಚಿ ಒಂದು "ಸ್ಸ್ಸ್". ಲವಂಗ, ದಾಲ್ಚಿನ್ನಿಯ ಘಮ ಹಜಾರದ ತನಕ ಬರುತ್ತಿತ್ತು. ಮದುವೆಗೆ ಹೊರಟರೆ ಮಾತ್ರ ಕರ್ಚೀಫಿಗೂ ಎರಡು ಹನಿ. ಒಂದು ಬಾಟಲಿ ಎರಡು ವರ್ಷ ಬರುತ್ತಿತ್ತು.

ಹಾಸನದ ಹಾಸ್ಟೆಲಿನಲ್ಲಿ ಆರು ಜನಕ್ಕೆ ಒಂದೇ ಆಕ್ಸ್ ಡಬ್ಬಿ. ಸ್ನಾನ ತಪ್ಪಿಸಿದ ದಿನ ಖರ್ಚು ಜಾಸ್ತಿ. ಜಾಹೀರಾತಿನಲ್ಲಿ ಹುಡುಗಿಯರು ಓಡಿ ಬರುತ್ತಿದ್ದರು. ನಮ್ಮಲ್ಲಿ ಓಡಿ ಬರುತ್ತಿದ್ದವನು ಪಕ್ಕದ ರೂಮಿನವನು, ಅವನಿಗೂ ಎರಡು ಸಲ ಹೊಡೆದುಕೊಳ್ಳಬೇಕಿತ್ತು.

ಮೊದಲ ಸಂಬಳದಲ್ಲಿ ಡೇವಿಡಾಫ್ ಕೂಲ್ ವಾಟರ್ ತಗೊಂಡೆ. ಪಿಯೆರ್ ಬೂರ್ಡಾನ್ ಅನ್ನೋರು 1988ರಲ್ಲಿ ಮಾಡಿದ್ದು. ಪುದೀನ, ಲ್ಯಾವೆಂಡರ್, ಒಗೆದು ಒಣಗಿಸಿದ ಬಟ್ಟೆಯಂಥ ಶುಚಿ. ಇವತ್ತು ಅಂಗಡಿಯಲ್ಲಿ ನೀಲಿ ಡಬ್ಬಿಯ ಯಾವ ಡಿಯೋ ಮೂಸಿದರೂ ಇದರ ಮೊಮ್ಮಗನ ಹಾಗೇ ಇರುತ್ತೆ. ಆಮೇಲೆ ಹುಚ್ಚು ಹತ್ತಿತು. 2013ರಲ್ಲಿ ಟೈಟಾನ್‌ನವರು ಸ್ಕಿನ್ ತಂದಾಗ ಅದು ಬಂತು. ಕ್ರೀಡ್ ಅವೆಂಟಸ್ ಅನ್ನೋ ದುಬಾರಿ ಸೆಂಟು ಕೊಳ್ಳುವ ಯೋಗ್ಯತೆ ಇಲ್ಲದೆ ಅದರ ಕ್ಲೋನ್, ಅಂದ್ರೆ ಅಗ್ಗದ ನಕಲು, ಅಂತಲೇ ಹೆಸರಾದ ಅರ್ಮಾಫ್ ಕ್ಲಬ್ ಡಿ ನ್ಯುಯಿ ಇಂಟೆನ್ಸ್ ಬಂತು. ಬೆಲೆಯಲ್ಲಿ ಅಜಗಜಾಂತರ. ಹೊಡೆದ ತಕ್ಷಣ ಪಾತ್ರೆ ತೊಳೆಯುವ ನಿಂಬೆ ಸೋಪು ಅನ್ನಿಸುತ್ತೆ. ಅರ್ಧ ಗಂಟೆ ತಾಳಿದರೆ ಹೊಗೆ, ಅನಾನಸ್, ಮರ ಎಲ್ಲ ಹದಕ್ಕೆ ಬರುತ್ತವೆ. ನನಗಂತೂ ಇಷ್ಟ.

ಕಲಬುರಗಿಗೆ ಹೋದ ಮೇಲೆ ಈ ಲೆಕ್ಕವೆಲ್ಲ ತಲೆಕೆಳಗಾಯಿತು. ಮೇ ತಿಂಗಳು, 42 ಡಿಗ್ರಿ. ಬಾಟಲಿಯಲ್ಲಿ ಇರೋದು ಬಹುಪಾಲು ಸ್ಪಿರಿಟ್. ಸುಗಂಧದ ಎಣ್ಣೆ ಓ ದ ಟಾಯ್ಲೆಟ್ ಅನ್ನೋ ತೆಳು ಸೆಂಟಿನಲ್ಲಿ ಸುಮಾರು ಶೇ. 5ರಿಂದ 15, ಓ ದ ಪರ್ಫಮ್ ಅನ್ನೋ ಗಾಢದ್ದರಲ್ಲಿ ಶೇ. 15ರಿಂದ 20. ನಿಂಬೆ, ಬರ್ಗಮಾಟ್ ಥರದ ಹಗುರ ವಾಸನೆ ಮೊದಲು ಹಾರುತ್ತೆ. ಮರ, ಅಂಬರ್ ಥರದ್ದು ಕೊನೆ ತನಕ ಕೂರುತ್ತೆ. ಮೈ ಕಾದಷ್ಟೂ ಇದೆಲ್ಲ ಬೇಗ. ಬೆಂಗಳೂರಿನಲ್ಲಿ ಒಂದು ಗಂಟೆ ನಡೆಯುತ್ತಿದ್ದ ನಿಂಬೆಯ ಆಟ ಅಲ್ಲಿ ಬೈಕ್ ಸ್ಟ್ಯಾಂಡ್ ಹಾಕೋದರೊಳಗೆ ಮುಗಿದಿರುತ್ತಿತ್ತು.

ಒಂದು ಸೋಮವಾರ ಹತ್ತು ಸಾವಿರದ ಹತ್ತಿರದ ಒಂದು ಫ್ರೆಂಚ್ ಬಾಟಲಿ ಹೊಡೆದುಕೊಂಡು ಹೋದೆ. ಹೆಸರು ಬೇಡ, ತಪ್ಪು ಅದರದಲ್ಲ. ಎರಡು ಸಲ ಹೊಡೆದೆ, ವಾಸನೆ ಬರಲಿಲ್ಲ ಅನ್ನಿಸಿತು. ಮತ್ತೆ ಎರಡು. ಹೊರಡುವಾಗ ಷರ್ಟಿನ ಮೇಲೆ ಇನ್ನೂ ನಾಲ್ಕು. ಅದರಲ್ಲಿ ಆಂಬ್ರಾಕ್ಸಾನ್ ಅನ್ನೋ ಕೆಮಿಕಲ್ ಜಾಸ್ತಿ. ತಿಮಿಂಗಿಲದಿಂದ ಸಿಗುವ ಅಂಬರ್‌ಗ್ರಿಸ್‌ನ ವಾಸನೆಗೆ ಬದಲಿಯಾಗಿ ಬಳಸೋದು. ಇದರ ಕಾಟ ಏನಂದ್ರೆ, ಹಾಕಿಕೊಂಡವನ ಮೂಗು ಬೇಗ ಮಂಕಾಗುತ್ತೆ, ಪಕ್ಕದವನದ್ದು ಆಗಲ್ಲ. ಹನ್ನೊಂದು ಗಂಟೆಗೆ ಬೆಳೆ ಸಾಲದ ಕಾಗದ ಹಿಡಿದು ಬಂದ ಹಿರಿಯರೊಬ್ಬರು ನನ್ನೆದುರು ಕೂತು, ಸುತ್ತ ನೋಡಿ, "ಸಾಹೇಬ್ರ, ಇಲ್ಲಿ ಏನರೆ ಚೆಲ್ಯದೇನ್ರಿ?" ಅಂದರು. ಪಕ್ಕದ ಕೌಂಟರಿನವಳು ಬಗ್ಗಿ ನಗುತ್ತಿದ್ದಳು. ನನಗೆ ಮಾತ್ರ ಏನೂ ಬರುತ್ತಿರಲಿಲ್ಲ!

ಆ ವಾರವೇ ಖಾಜಾ ಬಂದೇನವಾಜ್ ದರ್ಗಾದ ಕಡೆ ಒಂದು ಅತ್ತರಿನ ಅಂಗಡಿಗೆ ಹೋದೆ. ಕೂತಿದ್ದ ಚಾಚಾಗೆ ಕಥೆ ಹೇಳಿದೆ. ಅವರು ನಗಲಿಲ್ಲ. "ಬಿಸಲಾಗ ಸ್ಪಿರಿಟ್ ನಿಲ್ಲಂಗಿಲ್ರಿ" ಅಂದು, ನನ್ನ ಮಣಿಕಟ್ಟು ತಿರುಗಿಸಿ ಗಾಜಿನ ಕಡ್ಡಿಯಿಂದ ಒಂದು ಗೆರೆ ಎಳೆದರು. ಖಸ್. ನಮ್ಮ ಲಾವಂಚ. ಹಸಿ ಮಣ್ಣು, ಬೇರು, ಹಿಂದೆ ಎಲ್ಲೋ ಸ್ವಲ್ಪ ಕಹಿ. ಆಮೇಲೆ ಹತ್ತಿಯ ಚೂರನ್ನು ಅದ್ದಿ ನನ್ನ ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿದರು. ಅಪ್ಪಟ ರೂಹ್ ಖಸ್ ಬೇರೆ, ಅದರ ರೇಟು ಬೇರೆ, ಇದು ಕಲಬೆರಕೆ ಅಂತ ಅವರೇ ಹೇಳಿದರು. ಆದರೂ 3 ಎಂಎಲ್ ತಗೊಂಡೆ. ಸಂಜೆ ಆರಕ್ಕೆ ಬಾಗಿಲು ತೆಗೆದ ಹೆಂಡತಿ, "ಮಡಕೆ ನೀರಿನ ವಾಸನೆ ಬರ್ತಿದೆಯಲ್ಲ" ಅಂದಳು. ಅವಳ ಬಾಯಲ್ಲಿ ಅದು ಹೊಗಳಿಕೆ.

ಅಲ್ಲಿಂದಾಚೆ ಸೆಂಟು ಹುಡುಕೋದು ಅಂದ್ರೆ ಲಾವಂಚ ಹುಡುಕೋದು ಅಂತಾಯಿತು. ದುಬಾರಿಯದರಲ್ಲಿ ಬಿಸಿಲಿಗೆ ನಿಂತದ್ದು ಟೆರ್ ದೆರ್ಮೆಸ್. ಜಾನ್ ಕ್ಲಾಡ್ ಎಲೆನಾ 2006ರಲ್ಲಿ ಮಾಡಿದ್ದು. ಮೊದಲು ಕಿತ್ತಳೆ ಸಿಪ್ಪೆ ಹಿಂಡಿದ ಹಾಗೆ, ಸ್ವಲ್ಪ ಕಾಳುಮೆಣಸು, ಆಮೇಲೆ ಒಣ ಕಲ್ಲು, ಕೆಳಗೆ ಲಾವಂಚ. ಕಿತ್ತಳೆಯನ್ನು ಬಿಸಿಲು ಹತ್ತು ನಿಮಿಷದಲ್ಲಿ ತಿಂದು ಹಾಕಿದರೂ ಕಲ್ಲು ಮತ್ತು ಬೇರು ಮಧ್ಯಾಹ್ನದ ಊಟದ ತನಕ ಇರುತ್ತಿದ್ದವು. ಪೂರ್ತಿ ಬಾಟಲಿಗೆ ಮುಂಚೆ 10 ಎಂಎಲ್ ಡಿಕ್ಯಾಂಟ್, ಅಂದ್ರೆ ದೊಡ್ಡ ಬಾಟಲಿಯಿಂದ ಚಿಕ್ಕ ಶೀಶೆಗೆ ಬಗ್ಗಿಸಿದ್ದು, ತರಿಸಿ ಒಂದು ತಿಂಗಳು ನೋಡಿದೆ. ನೀವೂ ಹಾಗೇ ಮಾಡಿ. ಮಾಲ್‌ನ ಎಸಿಯಲ್ಲಿ ಕಾಗದದ ಪಟ್ಟಿ ಮೂಸಿ ಕೊಳ್ಳಬೇಡಿ, ಆಚೆ ಪಾರ್ಕಿಂಗಿನಲ್ಲಿ ಅರ್ಧ ಗಂಟೆ ಓಡಾಡಿ ಬಂದು ಮಣಿಕಟ್ಟು ಮೂಸಿ.

ಈಗ ಸಾಗರ. ಜೂನ್‌ನಿಂದ ಬಿಡದೆ ಮಳೆ. ಇಲ್ಲಿ ಖಸ್ ಹಾಕಿದರೆ ಬೇಜಾರು, ಆಚೆ ಇರೋದೂ ಅದೇ ವಾಸನೆ ತಾನೆ. ಅತ್ತರಿನ ಶೀಶೆ ಸುಮ್ನೆ ಮಲಗಿದೆ. ಮೊನ್ನೆ ಬೇರೇನೂ ತೋಚದೆ ಆ ಸೋಮವಾರದ ಬಾಟಲಿ ಬಿಚ್ಚಿದೆ. ಎದೆಗೆ ಒಂದು, ಕತ್ತಿನ ಹಿಂದೆ ಒಂದು, ಮೇಲೆ ಸ್ವೆಟರ್. ಸಂಜೆ ರೇನ್‌ಕೋಟ್ ಬಿಚ್ಚಿ ಮೊಳೆಗೆ ತೂಗುಹಾಕುವಾಗ ಹೆಂಡತಿ ಹತ್ತಿರ ಬಂದು, "ಚೆನ್ನಾಗಿದೆ ಕಣ್ರೀ ಇದು, ಹೊಸದಾ?" ಅಂದಳು.

ಅದೇ, ಚೆಲ್ಲಿದ್ದು ಅಂದೆ. ಅವಳು ನಂಬಲಿಲ್ಲ. ಬೀರು ತೆಗೆದು, ಬಾಟಲಿಗಿನ್ನೂ ಅಂಟಿಕೊಂಡಿದ್ದ ಕಲಬುರಗಿ ಪೇಪರ್ ಕಿತ್ತು, ದೀಪಕ್ಕೆ ಹಿಡಿದು ಎಷ್ಟು ಖಾಲಿಯಾಗಿದೆ ಅಂತ ನೋಡಿದಳು.